ಜೀಪ್ನಿಯ ಹಣೆಯ ಮೇಲಿನ ಒಂದುಗಳು

"ಬರೀ ಒಂದುಗಳೇ ಇರೋವಾಗ ಇದನ್ನ ಇನ್ಯಾರು ಭಾಗಿಸ್ತಾರೆ?"

ಕ್ರಿಸ್ಪುಲೊ ಕೇಳಿದ್ದು ಯಾರನ್ನೂ ಅಲ್ಲ. ಇಲೊಯ್ಲೊ ಊರಿನಲ್ಲಿ ಜನ ಸಾಗಿಸುವ ಬೇರೆ ಜೀಪ್ನಿ ಗಾಡಿಗಳ ಹಣೆಯ ಮೇಲೆ, ಮುಂದಿನ ಗಾಜಿನ ಮೇಲಿನ ಪಟ್ಟಿಯಲ್ಲಿ, ಸಂತರ ಹೆಸರಿದ್ದರೆ, ಅವನದರ ಮೇಲೆ ಹಸಿ ಬಣ್ಣದಲ್ಲಿ ಹನ್ನೆರಡು ಒಂದುಗಳು, ದೇವಮಾತೆಯ ಮುಂದೆ ಹಚ್ಚಿಟ್ಟ ಮೇಣದಬತ್ತಿಗಳಂತೆ ಸಾಲಾಗಿ ನಿಂತಿದ್ದವು. ಗಣಿತದ ಟೀಚರ್ ಎಸ್ತೆಲಿತಾ ಅವನಿಗೆ ಹೇಳಿದ್ದಳು: "ಕಟ್ಟಿಕೊಂಡರೆ ಅವಿಭಾಜ್ಯ ಸಂಖ್ಯೆಯಂಥವನನ್ನೇ. ಯಾರಿಂದಲೂ ಒಡೆಯೋಕಾಗಬಾರದು." ಸಂಜೆ ಅವಳ ಮನೆಗೆ ಹೆಣ್ಣು ಕೇಳಲು ಹೋಗಬೇಕಿತ್ತು.

ಮೊದಲ ಸುತ್ತಿನಲ್ಲೇ ಒಣಮೀನಿನ ಬುಟ್ಟಿಯೊಂದಿಗೆ ಹತ್ತಿದ ಸಾಬೆಲ್ ಅಜ್ಜಿ ಹಣೆಯನ್ನು ನೋಡಿಯೇ ಒಳಗೆ ಬಂದಳು.

"ತೋತೋ, ಮಗಾ, ಅಂಕಿ ಎಲ್ಲ ಕೂಡಿದ್ರೆ ಹನ್ನೆರಡು. ಮೂರರಿಂದ ಸಲೀಸಾಗಿ ಭಾಗ ಹೋಗತ್ತಲ್ಲಪ್ಪ."

ಕ್ರಿಸ್ಪುಲೊ ನಿಲ್ದಾಣದಲ್ಲಿ ಬಣ್ಣದ ಡಬ್ಬಿ ತೆಗೆದು ಹದಿಮೂರನೆಯ ಒಂದನ್ನು ಬರೆದ. ಆದರೆ ಜೀಪ್ನಿಯಲ್ಲಿ ಕೂತವರಿಗೆ ಬೇರೆ ಕೆಲಸವೇನು? ಬಾಡಿಗೆ ಹಿಂದಿನಿಂದ ಕೈಯಿಂದ ಕೈಗೆ ದಾಟಿ ಮುಂದೆ ಬರುವಾಗ ಜೊತೆಗೆ ಭಾಜಕವೂ ಬರತೊಡಗಿತು.

"ಡ್ರೈವರಣ್ಣನಿಗೆ ಹೇಳಿ, ಐವತ್ತಮೂರರಿಂದ ಹೋಗತ್ತಂತೆ."

ಹದಿನಾಲ್ಕು ಮಾಡಿದ. "ಎರಡೆರಡಾಗಿ ಕತ್ತರಿಸು. ಎಲ್ಲಾ ಹನ್ನೊಂದೇ." ಹದಿನೈದಕ್ಕೆ ಅಜ್ಜಿಯ ಮೂರು ಮತ್ತೆ ಬಂದು ಕೂತಿತು. ಹದಿನಾರಕ್ಕೆ ಮತ್ತೆ ಹನ್ನೊಂದು. ಹದಿನೇಳು ಬರೆದಾಗ ಮೂರು ಸುತ್ತು ಯಾರೂ ತುಟಿ ಬಿಚ್ಚಲಿಲ್ಲ. ಕ್ರಿಸ್ಪುಲೊ ಸಿಳ್ಳೆ ಹಾಕಿದ. ಅಷ್ಟರಲ್ಲಿ ಕಾಲೇಜು ಹುಡುಗಿಯೊಬ್ಬಳು ಫೋನಿನಿಂದ ತಲೆ ಎತ್ತಿದಳು.

"ಸಾರಿ ಅಣ್ಣ. ಏಳಂಕಿಯದ್ದೊಂದು ಇದೆ. ಅದರಿಂದ ಹೋಗತ್ತೆ."

"ನಿನಗೆ ಪರೀಕ್ಷೆ ಗಿರೀಕ್ಷೆ ಇಲ್ವೇನಮ್ಮ?"

ಹದಿನೆಂಟಕ್ಕೆ ಮತ್ತೆ ಮೂರು. ಹಣೆಯಲ್ಲಿ ಜಾಗ ಮುಗಿದು, ಒಂದುಗಳು ಬೇಲಿಯ ಗೂಟಗಳಂತೆ ಬಾಗಿಲಿನವರೆಗೂ ಇಳಿದವು. ಹತ್ತೊಂಬತ್ತನೆಯದು ಬರೆದಾಗ ಹುಡುಗಿ ಫೋನನ್ನು ಬಹಳ ಹೊತ್ತು ನೋಡಿದಳು. "ಇಲ್ಲ ಅಣ್ಣ. ಇದು ಯಾರಿಂದಲೂ ಒಡೆಯಲ್ಲ." ಇಡೀ ಜೀಪ್ನಿ ಚಪ್ಪಾಳೆ ತಟ್ಟಿತು.

ಸಂಜೆ ಎಸ್ತೆಲಿತಾಳ ಅಂಗಳದಲ್ಲಿ ಅವಳ ಅಪ್ಪ, ಬೆಸ್ತರ ತೆಯೊಫಿಲೊ, ಗಾಡಿಯ ಸುತ್ತ ಒಂದು ಸುತ್ತು ಬಂದ.

"ಬೆಳಗ್ಗೆ ಹನ್ನೆರಡಿತ್ತಲ್ಲ?"

"ಅದು ಒಡೀತಿತ್ತು ಮಾವ. ಇದನ್ನ ಯಾರಿಂದಲೂ ಭಾಗಿಸೋಕಾಗಲ್ಲ."

"ಅಯ್ಯೋ ಪಾಪ," ಎಂದ ತೆಯೊಫಿಲೊ. "ಮೀನು ಪೇಟೆಯಲ್ಲಿ ದಿನವಿಡೀ ಅದೇ ಮಾತು. ಆ ಹನ್ನೆರಡು ಒಂದುಗಳ ಸಂಖ್ಯೆ ಮೂರಕ್ಕೂ ಭಾಗ ಹೋಗ್ತಿತ್ತಂತೆ, ಏಳಕ್ಕೂ, ಹನ್ನೊಂದಕ್ಕೂ, ಹದಿಮೂರಕ್ಕೂ. ಬಂದವರಿಗೆಲ್ಲ ಪಾಲು ಕೊಡೋ ಸಂಖ್ಯೆ. ಹುಡುಗ ಧಾರಾಳಿ ಅಂದ್ಕೊಂಡು ನಾನು ಔತಣಕ್ಕೆ ಹಂದಿ ಸುಡೋಕೆ ಹೇಳಿಬಿಟ್ಟಿದ್ದೆ. ಬಲೆ ಎಳೆದ ಮೇಲೆ ಪಾಲು ಹಾಕದವನನ್ನ ನಾನು ದೋಣಿಗೇ ಹತ್ತಿಸಲ್ಲ, ಇನ್ನು ಮಗಳನ್ನ ಕೊಡ್ತೀನಾ? ಮೊದಲಿನಂಗೆ ಮಾಡು, ಒಪ್ಪಿಗೆ."

"ಅಷ್ಟೇ ತಾನೇ," ಎಂದು ಕ್ರಿಸ್ಪುಲೊ ಬಣ್ಣ ಕೆರೆಯುವ ತಗಡು ಹಿಡಿದು ಗಾಡಿಯ ಮುಂದಕ್ಕೆ ಓಡಿದ.

ಅಲ್ಲಿ ಎಸ್ತೆಲಿತಾ ಬಂಪರಿನ ಮೇಲೆ ಹತ್ತಿ, ಸಂಖ್ಯೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದಳು. ಮುಖದಲ್ಲಿ ಹಬ್ಬದ ಬೆಳಕು.

"ಇಷ್ಟು ವರ್ಷದಲ್ಲಿ ಯಾರೂ ನನಗೆ ಇಂಥದ್ದು ತಂದಿರಲಿಲ್ಲ," ಎಂದಳು. "ಇದರಲ್ಲಿ ಒಂದು ಗೀಟು ಹೋದ್ರೂ ನಮ್ಮ ಮದುವೆ ಇಲ್ಲ."

"ಬರೀ ಏಳು ಗೀಟು ಕಣೇ. ನಿಮ್ಮಪ್ಪನಿಗೋಸ್ಕರ. ಒಂಚೂರು ಕೆಳಗಿಳಿ."

"ಇಳಿಯಲ್ಲ."