ಹಿಂದಿನ ಸ್ವಿಚ್ ನೋಡೀರೇನ್ರಿ?

ಹೊಸ ಕಂಪ್ಯೂಟರ್ ಜೋಡಿಸಿ ಕೊಟ್ಟ ಮರುದಿನವೇ "ಚಾಲೂನ ಆಗವಲ್ತುರಿ" ಎಂಬ ಫೋನು ಬರುವುದು ನನ್ನ ಧಂದೆಯಲ್ಲಿ ಮಾಮೂಲು. ಶಿಗ್ಗಾಂವಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಅಂಗಡಿ. ಅದರ ಹಿಂದಿನ ಖೋಲಿಯೇ ಮನೆ. ಬೇರೆ ರಿಪೇರಿಯವರು ಇಂಥ ಫೋನು ಬಂದರೆ ಹಣೆ ಬಡಿದುಕೊಳ್ಳುತ್ತಾರೆ. ನಾನು ಬಾಚಣಿಗೆ ಹುಡುಕುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ "ಯಾವಾಗ ಬರ್ತೀರಿ?" ಎಂದು ನನ್ನನ್ನು ಕೇಳುವವರು ಕಂಪ್ಯೂಟರ್ ಕೆಟ್ಟವರು ಮಾತ್ರ.

ಆದರೂ ಮೊದಲು ಫೋನಿನಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ: "ಹಿಂದಿನ ಸ್ವಿಚ್ ನೋಡೀರೇನ್ರಿ?" ಸಿಪಿಯು ಬೆನ್ನಿಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದು ಬಂದ್ ಇದ್ದರೆ ಮುಂದಿನ ಬಟನ್ ಎಷ್ಟು ಒತ್ತಿದರೂ ದಂಡ. ಈ ಪ್ರಶ್ನೆ ಕೇಳಿದರೆ ಎಲ್ಲರಿಗೂ ಸಿಟ್ಟು. "ಅಷ್ಟೂ ತಿಳಿಯಂಗಿಲ್ಲೇನ್ರಿ ನಮಗ?" ಎನ್ನುತ್ತಾರೆ. ಹಿಂದೆಯೇ ಟಕ್ಕೆಂಬ ಸದ್ದು ಕೇಳುತ್ತದೆ. ಆಮೇಲೆ, "ಹಾಂ, ಈಗ ತಾನ ಚಾಲೂ ಆತು ನೋಡ್ರಿ." ನಾನು ಬಾಚಣಿಗೆ ಒಳಗಿಡುತ್ತೇನೆ.

ಕಂಕಣ

ಹಿರೇಕೆರೂರಿನ ಗೋವಿನಜೋಳದ ದಲಾಲರೊಬ್ಬರು ಫೋನು ಮಾಡಿದರು. "ದೀಪ ಹತ್ತತಾವ, ಫ್ಯಾನ್ ತಿರಗತೈತಿ, ಮುಂದ ಉಸಿರ ಬಿಡೂದ್ರಾಗ ಬಂದ್."

ಹಿಂದಿನ ಸ್ವಿಚ್ ಸರಿಯಾಗಿತ್ತು. ಹಾವೇರಿಯಲ್ಲಿ ಬಸ್ಸು ಬದಲಿಸಿ ಹೋದೆ. ಸಿಪಿಯುಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಅರಿಷಿಣದ ದಾರ ಸುತ್ತಿ, ದೊಡ್ಡದೊಂದು ಅರಿಷಿಣ ಕೊಂಬು ಕಟ್ಟಿದ್ದರು. ಕೊಂಬು ಸರಿಯಾಗಿ ಪವರ್ ಬಟನ್ ಮೇಲೇ ಕೂತಿತ್ತು. ಬಟನ್ ಒತ್ತಿಯೇ ಹಿಡಿದರೆ ಮಷೀನು ತಾನಾಗಿ ಬಂದ್ ಆಗುತ್ತದೆ.

"ಇದನ್ನ ಬಿಚ್ಚಬೇಕ್ರಿ" ಎಂದೆ.

"ಕಂಕಣ ಕಟ್ಟೇವಿ. ಐದು ದಿನ ಬಿಚ್ಚಂಗಿಲ್ಲ."

"ಸ್ವಲ್ಪ ಸರಿಸ್ತೇನಿ."

"ಕಟ್ಟಿದ ಕಂಕಣ ಸರಸ್ತಾರೇನ್ರಿ ಯಾರರೆ?"

ಕೊನೆಗೆ ದಲಾಲರೇ ತೀರ್ಮಾನ ಮಾಡಿದರು: "ಐದು ದಿನ ಆರಾಮ ಇರಲಿ ಅದು. ಮದುಮಗ ಕೂಡಲೇ ಹೊಲಕ್ಕ ಹೊಕ್ಕಾನೇನು?" ಮದುಮಗನಿಗೆ ಮಾಡಿದ ಹೋಳಿಗೆಯನ್ನು ನಾನು ಉಂಡು ಬಂದೆ.

ನೋಡಲು ಬಂದವರು

ಸವಣೂರಿನಲ್ಲಿ ಖಾರಾ ಕರಿದು ಮಾರುವ ಅಂಗಡಿಯವರ ದೂರು ಇನ್ನೂ ವಿಚಿತ್ರ. "ಮನಿ ಮಂದಿ ಅಷ್ಟ ಇದ್ದಾಗ ಚಲೋ ನಡಿತೈತಿ. ನೋಡಾಕ ಯಾರರೆ ಬಂದ್ರ ಸತ್ತ ಹೋಗತೈತ್ರಿ. ಬೀಗರ ಮುಂದ ಮಾನ ಹೋತು."

ನಾನು ಹೋಗಿ ಹೊಸ್ತಿಲು ದಾಟಿದೆ. ಅಲ್ಲಿಯತನಕ ಓಡುತ್ತಿದ್ದ ಮಷೀನು ಟಪ್ಪೆಂದು ಬಂದ್ ಆಯಿತು. ಪವರ್ ಸಪ್ಲೈ ಬಿಚ್ಚಿ ನೋಡಿದೆ, ವೈರು ನೋಡಿದೆ, ಎಲ್ಲ ಸರಿ. ಮತ್ತೆ ಜೋಡಿಸಿದ ಮೇಲೂ ಚಾಲೂ ಆಗಲಿಲ್ಲ. ಆಗ ಗೋಡೆಯ ಸ್ವಿಚ್ ಬೋರ್ಡಿನತ್ತ ಕಣ್ಣು ಹೋಯಿತು. ಅದು ಯಜಮಾನರ ತಾಯಿಯ ಮಂಚದ ಪಕ್ಕದಲ್ಲೇ ಇತ್ತು, ಅಜ್ಜಿಯ ಕೈ ಇನ್ನೂ ಬಟನ್ ಮೇಲೇ ಇತ್ತು.

"ಮೆಹಮಾನ್ ಬಂದಾಗ ಟಿ.ವಿ. ಹಚ್ಚಿ ಕುಂದ್ರತಾರೇನು?" ಎಂದು ಅಜ್ಜಿ ಮಗನನ್ನೇ ಗದರಿದರು. "ಮಾತಾಡಸಬೇಕು."

ಅದು ಟಿ.ವಿ. ಅಲ್ಲ ಎಂದು ಮಗ ಹೇಳಿ ಸೋತರು. ಅಜ್ಜಿ ನನ್ನನ್ನು ಎದುರಿಗೆ ಕೂಡಿಸಿಕೊಂಡು ವಿಚಾರಣೆ ಶುರು ಮಾಡಿದರು.

"ಮನ್ಯಾಗ ಯಾರ್‍ಯಾರ್ ಇದ್ದೀರಿ, ಬೇಟಾ?"

"ಯಾರೂ ಇಲ್ರಿ ಅಮ್ಮಾ. ನಾ ಒಬ್ಬನ."

ಅಜ್ಜಿ ಗಾಬರಿಯಾದರು. "ಹಂಗಾರ ನಿನ್ನ ಟಿ.ವಿ. ಯಾರು ಆರಸ್ತಾರ?"

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಮಾತ್ರ ಆ ಪ್ರಶ್ನೆ ಬಂಕಾಪುರ ದಾಟುವವರೆಗೂ ಬೆನ್ನು ಬಿಡಲಿಲ್ಲ.

ನನ್ನದೇ ಮಷೀನು

ಅಂಗಡಿ ಮುಚ್ಚಿದ ಮೇಲೆ ಖೋಲಿಯಲ್ಲಿ ಮಾತೆಂಬುದೇ ಇರುವುದಿಲ್ಲ. ಯಾರದಾದರೂ ದನಿ ಕೇಳುತ್ತಿರಲಿ ಎಂದು ಒಂದು ಭಾನುವಾರ ನನಗಾಗಿಯೇ ಒಂದು ಕಂಪ್ಯೂಟರ್ ಜೋಡಿಸಿದೆ. ಬಟನ್ ಒತ್ತಿದೆ. ಸುದ್ದಿಯೇ ಇಲ್ಲ.

ರ‍್ಯಾಮ್ ತೆಗೆದು ಹಾಕಿದೆ. ವೈರು ಬದಲಿಸಿದೆ. ಮದರ್‌ಬೋರ್ಡು ಹೊರಗೆ ತೆಗೆದು ಒರೆಸಿದೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯೂ ಖಾಲಿ, ತಲೆಯೂ ಖಾಲಿ. ಊರಿಗೆಲ್ಲ ಓಡಿಹೋಗುವ ನನಗೆ ಕರೆಯಲು ಒಬ್ಬ ರಿಪೇರಿಯವನಿರಲಿಲ್ಲ. ನಿಜ ಹೇಳಬೇಕೆಂದರೆ ಅಳು ಬಂದಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಖಾರಾ ಅಂಗಡಿಯವರು ನಿಂತಿದ್ದರು, ಜೊತೆಗೆ ಅಜ್ಜಿ. ಹುಬ್ಬಳ್ಳಿಯ ಮಗಳ ಮನೆಯಿಂದ ಸವಣೂರಿಗೆ ಹೊರಟವರು, ಅಜ್ಜಿಯ ಹಟಕ್ಕೆ ಶಿಗ್ಗಾಂವಿಯಲ್ಲೇ ಇಳಿದುಬಿಟ್ಟಿದ್ದರು.

ನೆಲದ ಮೇಲೆ ಬಿಡಿಭಾಗಗಳ ನಡುವೆ ಕೂತ ನನ್ನನ್ನು ನೋಡಿ ಮಗ ಮೆಲ್ಲಗೆ ಕೇಳಿದರು, "ಹಿಂದಿನ ಸ್ವಿಚ್ ನೋಡೀರೇನ್ರಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅಷ್ಟೂ ತಿಳಿಯಂಗಿಲ್ಲೇನ್ರಿ ನನಗ?" ಎನ್ನುತ್ತಲೇ ಎಲ್ಲ ಮತ್ತೆ ಜೋಡಿಸಿ ಸಿಪಿಯು ಹಿಂದೆ ಕೈ ಹಾಕಿದೆ. ಬಂದ್ ಇತ್ತು. ಒತ್ತಿ ಮುಂದಿನ ಬಟನ್ ಮುಟ್ಟಿದೆ. ಫ್ಯಾನು ತಿರುಗಿತು, ಪರದೆ ಬೆಳಗಿತು.

"ಈಗ ತಾನ ಚಾಲೂ ಆತು ನೋಡ್ರಿ" ಎಂದೆ.

ಪರದೆಯ ಮೇಲೆ ಇನ್ನೂ ಪೂರ್ತಿ ಅಕ್ಷರ ಮೂಡಿರಲಿಲ್ಲ, ಅಜ್ಜಿ ಗೋಡೆ ಹಿಡಿದುಕೊಂಡು ಹೋಗಿ ಬೋರ್ಡಿನ ಬಟನ್ ಆರಿಸಿದರು. ಮಂಚದ ಮೇಲೆ ಕೂತು, ಖಾರಾದ ಪೊಟ್ಟಣ ಬಿಚ್ಚಿ, "ಚಾ ಇಡು ಬೇಟಾ, ಮಾತಾಡೂಣು" ಎಂದರು. ಕೊನೆಯ ಬಸ್ಸಿನ ಹೊತ್ತಾದರೂ ಅವರ ಮಾತು ಮುಗಿಯಲಿಲ್ಲ.

ಈಗ ಅವರು ಶಿಗ್ಗಾಂವಿ ಮೇಲೆ ಹಾದರೆ ಇಳಿಯದೆ ಹೋಗುವುದಿಲ್ಲ. ನನ್ನ ಹೊಸ ಕಂಪ್ಯೂಟರ್ ಹೆಂಗೈತಿ ಎಂದು ಗಿರಾಕಿಗಳು ಕೇಳಿದರೆ ಇದ್ದದ್ದನ್ನೇ ಹೇಳುತ್ತೇನೆ:

"ಚಲೋ ಐತ್ರಿ. ಮಂದಿ ಬಂದ್ರ ಅಷ್ಟ ಸತ್ತ ಹೋಗತೈತಿ."