ಬಾಯಿಯ ಸಿಬ್ಬಂದಿಗೆ ಸೋಮವಾರದ ಹಾಜರಾತಿ ಕೋರಿ

ಸಿಂದಗಿ, ೨೧-೧೧-೨೦೦೨

ಇಂದ,
ಅಮಸಿದ್ದ ಪೂಜಾರಿ, ಗುಮಾಸ್ತ,
ತೊಗರಿ ಅಡತಿ ಅಂಗಡಿ, ಸಿಂದಗಿ.

ಗೆ,
ಶ್ರೀ ಡಿಫೆನ್ಸಿನ್ ಮತ್ತು ಸಮಸ್ತ ಪೆಪ್ಟೈಡ್ ಸಿಬ್ಬಂದಿ,
ಉಗುಳು ಇಲಾಖೆ, ಅರ್ಜಿದಾರನ ಸ್ವಂತ ಬಾಯಿ.

ವಿಷಯ: ಬಾಯಿವಾಸನೆ ನಿವಾರಿಸಿ ಅರ್ಜಿದಾರನ ಲಗ್ನ ಉಳಿಸುವ ಕುರಿತು.

ಉಲ್ಲೇಖ: ೧) ದಂತವೈದ್ಯರ ಮೌಖಿಕ ಆದೇಶ. ೨) ತಾಂಬಾದ ಕುಮಾರಿ ವಿದ್ಯಾವತಿಯವರ ನಗು.

ಮಾನ್ಯರೇ,

೧. ಹಿಂದೆ ನೋಡಿದ ಕನ್ಯೆಯೊಬ್ಬರು ನನ್ನ ಬಾಯಿವಾಸನೆಗೆ ಚಹಾದ ಕಪ್ಪು ಇಟ್ಟವರೇ ಒಳಗೆ ಓಡಿದ ಕಾರಣ ದಂತವೈದ್ಯರಲ್ಲಿಗೆ ಹೋದೆ. "ತಂಬಾಕು ಬಿಡ್ರಿ. ಪಿಚಕ್ ಪಿಚಕ್ ಉಗುಳಬ್ಯಾಡ್ರಿ. ಉಗುಳಿನ್ಯಾಗ ಡಿಫೆನ್ಸಿನ್ ಅಂಥಾ ಪೆಪ್ಟೈಡ್ ಅಂತ ಸಣ್ಣ ಸಣ್ಣ ಪ್ರೋಟೀನ್ ಅದಾವ. ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ತೂತು ಹೊಡೀತಾವ. ಒಳಗಿಂದೆಲ್ಲ ಸೋರಿ ಬ್ಯಾಕ್ಟೀರಿಯಾ ಸಾಯ್ತಾವ" ಎಂದರು. ತೂತು ಬಿದ್ದ ತೊಗರಿ ಚೀಲ ದಿನಾ ನೋಡುವವನಾದ್ದರಿಂದ ಕೂಡಲೇ ತಿಳಿಯಿತು.

೨. ಆದ್ದರಿಂದ ತಮ್ಮಂಥ ದುಡಿಯುವವರನ್ನು ಹೊರಹಾಕಬಾರದೆಂದು, ತಾಂಬಾಕ್ಕೆ ಕನ್ಯೆ ನೋಡಲು ಹೊರಟ ದಿನ ಮುಂಜಾನೆಯಿಂದ ಉಗುಳಲಿಲ್ಲ. ನುಂಗಲೂ ಇಲ್ಲ. ಎರಡೂ ಗಲ್ಲ ಉಬ್ಬಿಸಿಕೊಂಡು ಬಸ್ಸಿನಲ್ಲಿ ಕುಳಿತೆ. ಟಿಕೀಟನ್ನು ಸೋದರಮಾವ ರೇವಪ್ಪನೇ ಕೇಳಬೇಕಾಯಿತು.

೩. ವಿದ್ಯಾವತಿಯವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಅವಲಕ್ಕಿ ಕೊಟ್ಟರು, ಮುಟ್ಟಲಿಲ್ಲ. ಹೆಸರು ಕೇಳಿದರು, "ಹ್ಞೂಂ" ಎಂದೆ. ಎಷ್ಟು ಓದಿದ್ದೀರಿ ಎಂದರು, ಅದಕ್ಕೂ "ಹ್ಞೂಂ". ಅವರ ತಾಯಿ ಇಂದುಬಾಯಿ, "ಏನ್ರಿ ಅಣ್ಣಾರ, ಹುಡುಗಗ ಮಾತ ಬರಂಗಿಲ್ಲಂತ ಮೊದಲ ಹೇಳಬೇಕಿಲ್ರಿ?" ಎಂದು ಎದ್ದೇಬಿಟ್ಟರು. ಮಾವ, "ಏ ಮಬ್ಬ, ಬಾಯಿ ಬಿಡೋ!" ಎಂದು ಬೆನ್ನಿಗೆ ಗುದ್ದಿದ ಕಾರಣ ತಮ್ಮೆಲ್ಲರನ್ನೂ ಒಂದೇ ಗುಟುಕಿಗೆ ನುಂಗಿದೆ. ಗಾಬರಿಯಲ್ಲಿ ತಮ್ಮನ್ನು ಕೂಡಿಟ್ಟ ಕಥೆಯನ್ನೆಲ್ಲ ಒದರಿಬಿಟ್ಟೆ.

೪. ವಿದ್ಯಾವತಿಯವರು ಸೆರಗು ಬಾಯಿಗೆ ಹಿಡಿದು ನಕ್ಕರು. ಎಂಥಾ ನಗು, ಮಾನ್ಯರೇ! ಲಗ್ನವಾದರೆ ಇವರನ್ನೇ ಆಗಬೇಕು ಅನಿಸಿಬಿಟ್ಟಿತು. "ಕೂಡಿಟ್ಟರ ಏನ್ ಬಂತ್ರಿ? ಅಗದಂಗೆಲ್ಲ ಹೊಸ ಉಗುಳು ಬರ್ತೈತಿ, ಅದರ ಕೂಡ ಹೊಸ ಪೆಪ್ಟೈಡ್ ಬರ್ತಾವ. ಎಲ್ಲಾ ಅವ ಮಾಡಲಿ ಅಂದ್ರ ಆಗಂಗಿಲ್ಲ. ಹಲ್ಲು ನೀವ ತಿಕ್ಕಬೇಕು. ಸೋಮವಾರ ಬರ್ರಿ, ನಮ್ಮನಿ ಕಡಕ ರೊಟ್ಟಿ ತಿಂದು ನನ್ನ ಬಾಜೂಕ ಕುಂತು ಮಾತಾಡ್ರಿ. ಆಮ್ಯಾಲೆ ಹೇಳ್ತೇನಿ" ಎಂದರು.

೫. ಅದರಂತೆ ತಂಬಾಕಿನ ಡಬ್ಬಿ ಮಾವನಿಗೆ ಒಪ್ಪಿಸಿದ್ದೇನೆ. ಎರಡು ಹೊತ್ತು ಹಲ್ಲು ತಿಕ್ಕುತ್ತೇನೆ. ಅಂಗಡಿಯಲ್ಲೂ ರೊಟ್ಟಿ ಅಗಿಯುವುದರಿಂದ ಸಾಹುಕಾರರು ಬೈಯುತ್ತಿದ್ದಾರೆ.

ಆದ್ದರಿಂದ ಸೋಮವಾರ ತಮ್ಮಲ್ಲಿ ಯಾರೂ ರಜೆ ಹಾಕದೆ, ಸಿಕ್ಕ ಸಿಕ್ಕ ಬ್ಯಾಕ್ಟೀರಿಯಾಕ್ಕೆ ತೂತು ಹೊಡೆಯಬೇಕಾಗಿ ವಿನಂತಿ.

ತಮ್ಮನ್ನು ಬಾಯಲ್ಲಿಟ್ಟುಕೊಂಡೇ ಬದುಕುವ ವಿಶ್ವಾಸಿ,
ಅಮಸಿದ್ದ

ಲಗತ್ತು: ಕಡಕ ರೊಟ್ಟಿ, ಅರ್ಧ (ಉಳಿದರ್ಧ ಅಭ್ಯಾಸಕ್ಕೆ ಬಳಕೆಯಾಗಿದೆ).

ಪ್ರತಿ: ಮಾವ ರೇವಪ್ಪನ ಬಾಯಿಯ ಸಿಬ್ಬಂದಿಗೆ. ನನ್ನ ಡಬ್ಬಿ ಅಲ್ಲಿಯೇ ಖಾಲಿಯಾಗುತ್ತಿದ್ದು, ಸೋಮವಾರ ಇಂದುಬಾಯಿಯವರ ಬಾಜೂಕ ಕೂರುವವನು ಮಾವನೇ.

ಕಡೆಯ ವಿನಂತಿ: ಈ ಸಲ "ಹ್ಞೂಂ" ಅನ್ನುವ ಸರದಿ ವಿದ್ಯಾವತಿಯವರದಾಗುವಂತೆ ನೋಡಿಕೊಳ್ಳುವುದು.