ಈರಪ್ಪ ಕ್ಲಬ್ಬು ಮಾರಿದ್ದು

ಅತ್ತೆಯನ್ನು ಹೊನ್ನಾವರದ ಬಸ್ಸು ಹತ್ತಿಸಲು ಹೋದದ್ದೇ ಟೇಲರ್ ಈರಪ್ಪನ ತಪ್ಪು. ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಹುಟ್ಟಿದ ಕುಮಟೆಯ ಫುಟ್‌ಬಾಲ್ ಕ್ಲಬ್ಬು, ಅವನು ಬಸ್ಸಿನ ಹತ್ತಿರ ನಿಂತಿದ್ದ ಹೊತ್ತಿಗೇ ಸಭೆ ಸೇರಿ, ಸಭೆಗೆ ಬಾರದ ಅವನನ್ನೇ ಸರ್ವಾನುಮತದಿಂದ ಅಧ್ಯಕ್ಷನನ್ನಾಗಿ ಆರಿಸಿಬಿಟ್ಟಿತ್ತು. ಚೆಂಡು ಹರಿದರೆ ಹೊಸದು ತರುವವನು, ಹೊರಗಿನ ತಂಡ ಬಂದರೆ ಊಟ ಹಾಕುವವನು ಅಧ್ಯಕ್ಷ, ಅಧಿಕಾರವೆಲ್ಲ ಸದಸ್ಯರದ್ದು.

ಮರುದಿನ ಬೆಳಿಗ್ಗೆಯೇ ಕ್ಯಾಪ್ಟನ್ ಜಟ್ಟಿ ಬಂದ. "ಅಧ್ಯಕ್ಷರೇ, ಮಧ್ಯಾಹ್ನ ಭಟ್ಕಳದವ್ರು ಆಟಕ್ಕೆ ಬರ್ತಾರೆ. ರಾತ್ರಿ ಊಟ ನಿಮ್ಮಲ್ಲೇ. ಮೀನಿದ್ರೂ ಅಡ್ಡಿಲ್ಲ."

ಅವನು ಅತ್ತ ಹೋಗುತ್ತಲೇ ಹೆಂಡತಿ ಹೊನ್ನಮ್ಮ ಒಳಗಿಂದ ಸಿಡಿದಳು. "ಅಕ್ಕಿ ನಮಗಿಬ್ರಿಗೇ ಸಾಲೂದಿಲ್ಲ. ಆ ಕ್ಲಬ್ಬನ್ನ ಯಾರಿಗಾದ್ರೂ ಕೊಟ್ಟು ಬನ್ನಿ!"

ಮಾತು ಈರಪ್ಪನಿಗೆ ಹಿಡಿಸಿತು. ಅಕ್ಕಿ ಗಿರಣಿಯ ಬೊಮ್ಮಯ್ಯನಲ್ಲಿಗೆ ಓಡಿ, ಇವತ್ತಿನ ಊಟ ಹಾಕಿದರೆ ಕ್ಲಬ್ಬು ನಿಮ್ಮದೇ ಎಂದ.

"ತಕೊಳ್ಳೂಕೆ ಅಡ್ಡಿಲ್ಲ," ಎಂದ ಬೊಮ್ಮಯ್ಯ. "ಊಟ ನಂದು. ಆದ್ರೆ ಕ್ಲಬ್ಬಿಗೆ ಗಿರಣಿ ಹೆಸರು ಇಡ್ಬೇಕು. ಮುಂದೆ ನಿಂತು ಗೋಲು ಹೊಡೂದು ನಮ್ಮ ಅಳಿಯ."

ಅಳಿಯ ಗಣಪನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು. ಆದರೂ ಈರಪ್ಪ "ಆತು" ಎಂದ.

ರಾತ್ರಿಯ ಊಟ ಹಾಕುವವರ ಅಳಿಯ ಎಂದು ಈರಪ್ಪ ಹೇಳಿದ್ದಕ್ಕೆ ಜಟ್ಟಿ ಗಣಪನನ್ನು ತಂಡಕ್ಕೆ ಸೇರಿಸಿಕೊಂಡ. ಆಟ ಶುರುವಾಯಿತು. ಗಣಪ ಚುಕ್ಕಾಣಿ ಕಳಚಿದ ದೋಣಿಯಂತೆ ಮೈದಾನವೆಲ್ಲ ತಿರುಗಿದ. ಕೊನೆಗೊಮ್ಮೆ ಚೆಂಡು ಸಿಕ್ಕಿತು. ಕಣ್ಣು ಮುಚ್ಚಿ ಒದ್ದ. ಗೋಲೇನೋ ಆಯಿತು, ಕುಮಟೆಯವರದೇ ಕಂಬಗಳ ನಡುವೆ. ಆ ಒಂದೇ ಗೋಲಿನಿಂದ ಭಟ್ಕಳ ಗೆದ್ದಿತು.

ಜನ ಬಿದ್ದು ಬಿದ್ದು ನಕ್ಕರು. ಬೊಮ್ಮಯ್ಯ ಅಳಿಯನ ಕೈ ಹಿಡಿದೆಳೆದು, "ಇಂಥಾ ಕ್ಲಬ್ಬು ನಂಗೆ ಬ್ಯಾಡ ಮಾರಾಯಾ!" ಎಂದು ಹೊರಟೇಹೋದ.

ಸದಸ್ಯರು ಮೈದಾನದಲ್ಲೇ ಸಭೆ ಕೂಡಿದರು.

"ಕ್ಲಬ್ಬು ಎಂತ ನಿನ್ನ ಅಜ್ಜನ ಆಸ್ತಿಯಾ, ಮಾರೂಕೆ?" ಜಟ್ಟಿ ಗುಡುಗಿದ.

ಈರಪ್ಪನಿಗೆ ಒಳಗೊಳಗೇ ಹಬ್ಬ. "ತಪ್ಪಾತು. ನನ್ನ ತೆಗೆದುಹಾಕಿ," ಎಂದು ಕೈಮುಗಿದ.

"ತೆಗೀಬೇಕು ಅನ್ನೋರು ಕೈ ಎತ್ತಿ!"

ಕೈಗಳೆಲ್ಲ ಮೇಲೆದ್ದವು. ಈರಪ್ಪನೂ ಎತ್ತಿದ. ಅಷ್ಟರಲ್ಲಿ ಗೋಲು ಕಾಯುವ ಮಾದೇವ ಕೇಳಿದ: "ಹಂಗಾರೆ ಹೊಸ ಅಧ್ಯಕ್ಷ ಯಾರು? ಇವತ್ತಿನ ಊಟ ಯಾರದ್ದು?"

ಒಬ್ಬನ ಕೈ ತಲೆ ಕೆರೆಯಲು ಇಳಿಯಿತು, ಇನ್ನೊಬ್ಬನದು ಮೀಸೆಗೆ, ಜಟ್ಟಿಯದು ಕಿಸೆಗೆ. ಮೇಲೆ ಉಳಿದದ್ದು ಈರಪ್ಪನದೊಂದೇ.

"ಒಂದೇ ಓಟು. ಠರಾವು ಬಿತ್ತು," ಎಂದ ಜಟ್ಟಿ. "ದಿನಕ್ಕೊಬ್ಬ ಅಧ್ಯಕ್ಷ ಆದ್ರೆ ಕ್ಲಬ್ಬು ಉಳಿಯೂದಿಲ್ಲ. ಈರಪ್ಪನೋರನ್ನ ಕಾಯಂ ಮಾಡುವಾ. ಒಪ್ಪಿದೋರು ಕೈ ಎತ್ತಿ."

ಈ ಸಲ ಯಾರ ಕೈಯೂ ಕೆಳಗಿಳಿಯಲಿಲ್ಲ. ಹಸಿದು ನಿಂತಿದ್ದ ಭಟ್ಕಳದವರೂ ಎರಡೆರಡು ಕೈ ಎತ್ತಿದ್ದರು.